ಕಣಜಕ್ಕೆ ಬಂದ ಬೆಕ್ಕು

ಎಲ್ಲ ರಗಳೆಗೂ ಮೂಲ ಒಂದು ಮೂಟೆ ಗೋಧಿ. ಅದು ನಿಜವಾದ ಗೋಧಿಯಾಗಿರದೆ ಬಣ್ಣ ಹಚ್ಚಿದ ಮರಳಾಗಿದ್ದಿದ್ದರೆ, ಬೊಂಬೆರಾಯ ಇಷ್ಟು ಹೊತ್ತಿಗೆ ಹೆಂಡತಿಯ ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೆಮ್ಮದಿಯಾಗಿ ತೂಕಡಿಸುತ್ತಿರುತ್ತಿದ್ದ.

ಬೊಂಬೆರಾಯ ಎನ್ನುವುದು ವಸ್ತುಸಂಗ್ರಹಾಲಯದವರು ಇಟ್ಟ ಹೆಸರು. ಅಲ್ಲಿನ ಗಾಜಿನ ಗೂಡುಗಳಲ್ಲಿ ನಿಂತ ಬೇಟೆಗಾರರು, ಕುಂಬಾರರು, ರಾಜರು, ರಾಜರಿಗೆ ಗಾಳಿ ಬೀಸುವವರು ಎಲ್ಲರೂ ಅವನ ಕೈಯಲ್ಲಿ ಹುಟ್ಟಿದವರೇ. ಮಾತಾಡದ, ಮಿಸುಕದ ಆ ದೊಡ್ಡ ಸಂಸಾರದ ಜೊತೆ ಅವನಿಗೆ ಒಳ್ಳೆಯ ಹೊಂದಾಣಿಕೆಯಿತ್ತು. ಮಾತಾಡುವ ಸಂಸಾರ ಮಾತ್ರ ದೂರವಿತ್ತು. ಹೆಂಡತಿಗೆ ಇನ್ನೊಂದು ಊರಿನ ಶಾಲೆಯಲ್ಲಿ ಕೆಲಸ. ಮದುವೆಯಾದಾಗಿನಿಂದ ಅವರದು ರಜೆಗೆ ರಜೆಗೆ ನಡೆಯುವ ದಾಂಪತ್ಯ.

ಈಗ ಅದೃಷ್ಟಕ್ಕೆ ಅದೇ ಊರಿನ ವಸ್ತುಸಂಗ್ರಹಾಲಯದಲ್ಲಿ ಬೊಂಬೆ ಮಾಡುವವರ ಜಾಗ ಖಾಲಿ ಬಿದ್ದಿತ್ತು. ಅಲ್ಲಿನ ಮುಖ್ಯಸ್ಥೆ, ಪ್ರಾಣಿಗಳ ಹಳೆಯ ಮೂಳೆಗಳನ್ನು ಪರೀಕ್ಷಿಸುತ್ತಲೇ ತಲೆ ನರೆಸಿಕೊಂಡ ವಿದ್ವಾಂಸೆ. ಹಿಂದಿನಿಂದ ಎಲ್ಲರೂ ‘ಮೂಳೆ ಅಜ್ಜಿ’ ಎನ್ನುತ್ತಿದ್ದರು. ಇವತ್ತು ಮಧ್ಯಾಹ್ನದ ಮೇಲೆ ಆಕೆಯೇ ಇಲ್ಲಿನ ಹೊಸ ಪ್ರದರ್ಶನವನ್ನು ಉದ್ಘಾಟಿಸಲು ಬರುವವರಿದ್ದರು. ಬೊಂಬೆರಾಯನ ಕೆಲಸ ಅವರಿಗೆ ಹಿಡಿಸಿದರೆ ವರ್ಗ, ಹಿಡಿಸದಿದ್ದರೆ ಮತ್ತದೇ ರಜೆಯ ದಾಂಪತ್ಯ.

ಬೆಳಿಗ್ಗೆ ಹೆಂಡತಿ ಫೋನು ಮಾಡಿದ್ದಳು.

“ರೀ, ಮನೆಗೆ ಎರಡನೇ ಕುರ್ಚಿ ತಂದಿದೀನಿ. ಕಿಟಕಿ ಹತ್ರ ಹಾಕಿದೀನಿ. ದಿಂಬೂ ಇದೆ.”

“ಈಗಲೇ ಯಾಕೆ ತಂದೆ? ಇನ್ನೂ ಏನೂ ಆಗಿಲ್ಲ.”

“ಆಗುತ್ತೆ. ನಿಮ್ಮ ಕೆಲಸ ನನಗೆ ಗೊತ್ತಿಲ್ವಾ? ಖಾಲಿ ಕುರ್ಚಿ ನೋಡೋಕಾಗಲ್ಲ, ಬೇಗ ಬನ್ನಿ.”

ಆ ಖಾಲಿ ಕುರ್ಚಿಯನ್ನೇ ಕಣ್ಣಲ್ಲಿ ತುಂಬಿಕೊಂಡು ಬೊಂಬೆರಾಯ ಕೆಲಸಕ್ಕೆ ಬಂದ.

ಪ್ರದರ್ಶನದ ನಡುಮಧ್ಯದ ದೃಶ್ಯ ಅವನದೇ. ಹತ್ತು ಸಾವಿರ ವರ್ಷಗಳ ಹಿಂದಿನ ಒಂದು ಮಣ್ಣಿನ ಮನೆ. ಮೂಲೆಯಲ್ಲಿ ಸೊಂಟದೆತ್ತರದ ಕಣಜ, ಅದರ ಬುಡದ ಬಾಯಿಂದ ಹೊರಗೆ ಚೆಲ್ಲಿದ ಗೋಧಿ. ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬಟ್ಟಲು ಚಾಚಿದ ಮಣ್ಣಿನ ರೈತ. ಬಟ್ಟಲಿನ ಕಡೆಗೆ ಅಂಜುತ್ತ ಬರುತ್ತಿರುವ ಕಾಡುಬೆಕ್ಕು. ಕೆಳಗೆ ಫಲಕ: ‘ಮನುಷ್ಯನು ಬೆಕ್ಕನ್ನು ಪಳಗಿಸಿದ ಮಹಾಕ್ಷಣ.’ ಮುಂದಿನ ಗಾಜು ಇನ್ನೂ ಬಂದಿರಲಿಲ್ಲ, ಸದ್ಯಕ್ಕೆ ಒಂದು ಹಗ್ಗ ಕಟ್ಟಿದ್ದರು.

ಕಾಳಿಗೆ ಬದಲು ಮರಳಿಗೆ ಬಣ್ಣ ಹಚ್ಚುತ್ತೇನೆಂದು ಬೊಂಬೆರಾಯ ಮೊದಲೇ ಗೋಗರೆದಿದ್ದ. ನಿರ್ದೇಶಕಿ ಮೇಡಂ ಕೇಳಲಿಲ್ಲ. ಮೇಡಂಗೆ ನೈಜತೆಯ ಹುಚ್ಚು. “ಬರ್ತಿರೋರು ಯಾರು ಗೊತ್ತಾ? ಕಾಳನ್ನ ಹಲ್ಲಲ್ಲಿ ಕಡಿದು ನೋಡೋ ಪೈಕಿ. ಎಲ್ಲಾ ನೈಜವಾಗಿರಬೇಕು” ಎಂದು ಒಂದು ಮೂಟೆ ಗೋಧಿ ತರಿಸಿ ಸುರಿಸಿದ್ದರು. ಬೆಕ್ಕಿಗೂ ಅದೇ ನಿಯಮ. “ಆ ಕಾಲದಲ್ಲಿ ಪ್ಲಾಸ್ಟಿಕ್ ಇತ್ತಾ? ಕೆಮಿಕಲ್ ಅಂಟು ಇತ್ತಾ?” ಇರಲಿಲ್ಲವಾದ್ದರಿಂದ ಬೊಂಬೆರಾಯ ಒಣಹುಲ್ಲು, ಉಣ್ಣೆ ಮತ್ತು ಗೋಧಿಹಿಟ್ಟಿನ ಗಂಜಿಯಲ್ಲೇ ಬೆಕ್ಕು ಕಟ್ಟಿದ್ದ. ಕಟ್ಟಿ ಮುಗಿಸಿದಾಗ ಅದು ಉಸಿರಾಡುತ್ತಿದೆಯೇನೋ ಅನ್ನಿಸುವಷ್ಟು ಚೆನ್ನಾಗಿತ್ತು.

ತಮಾಷೆಯೆಂದರೆ ಜೀವಂತ ಬೆಕ್ಕು ಕಂಡರೆ ಅವನಿಗಾಗದು. ಬೆಕ್ಕಿನ ಒಂದು ಕೂದಲು ಗಾಳಿಯಲ್ಲಿದ್ದರೂ ಸಾಕು, ಸೀನು ಶುರುವಾಗುತ್ತಿತ್ತು. ಅವನ ಕೆಲಸದ ಕೋಣೆಯ ಕಿಟಕಿಗೆ ದಿನವೂ ಒಂದು ಪಟ್ಟೆಪಟ್ಟೆ ಬೆಕ್ಕು ಬಂದು ಕೂರುವುದು, ಇವನು ಪೊರಕೆ ಹಿಡಿದು ಅಟ್ಟುವುದು, ಅದು ಅವಸರವೇ ಇಲ್ಲದೆ ಇಳಿದುಹೋಗಿ ಮಾರನೇ ದಿನ ಮತ್ತೆ ಬರುವುದು ಬಹಳ ಕಾಲದಿಂದ ನಡೆದೇ ಇತ್ತು.

ಇವತ್ತು ಹಗ್ಗ ದಾಟಿ ಒಳಗೆ ಕಾಲಿಟ್ಟವನು ಅಲ್ಲೇ ಕಲ್ಲಾದ. ಬೆಕ್ಕಿರಬೇಕಾದ ಜಾಗದಲ್ಲಿ ಬೆಕ್ಕಿರಲಿಲ್ಲ. ಒಂದು ತಂತಿಯ ಬೆನ್ನೆಲುಬು, ಎರಡು ಗಾಜಿನ ಕಣ್ಣು ಮತ್ತು ಅರ್ಧ ಕಿವಿ ಬಿದ್ದಿದ್ದವು. ಸುತ್ತ ಹಿಕ್ಕೆ. ಕಣಜದ ಬಾಯಿಂದ ಒಂದು ಇಲಿ ತಲೆ ಹೊರಹಾಕಿ, ಇವನನ್ನು ನೋಡಿ, ಇವನಿಂದ ಅಪಾಯವಿಲ್ಲವೆಂದು ತೀರ್ಮಾನಿಸಿ, ಮೀಸೆ ಒರೆಸಿಕೊಂಡಿತು.

“ಅಯ್ಯೋ!” ಎಂದು ಅವನು ಕೂಗಿದ್ದೇ ತಡ, ಗೇಟಿನ ಕಾವಲಿಗಿದ್ದ ‘ಗೇಟು ಮಾವ’ ಗೇಟು ಬಿಟ್ಟು ಓಡಿಬಂದ. ಇಡೀ ಕಟ್ಟಡದಲ್ಲಿ ಎಲ್ಲಿ ಏನಾದರೂ ಮೊದಲು ಅವನಿಗೇ ಗೊತ್ತಾಗಬೇಕು.

“ಬೊಂಬೆರಾಯ್ರೇ! ಇಲಿ ಬೆಕ್ಕನ್ನ ತಿಂದಿದ್ದು ಯಾರಾದ್ರೂ ಕೇಳಿದಾರಾ? ನಾನು ನೋಡೇಬಿಟ್ಟೆ!”

“ಮಾವ, ದಯವಿಟ್ಟು ಕೂಗಬೇಡಿ. ಯಾರಿಗೂ ಹೇಳಬೇಡಿ.”

“ನಾನ್ಯಾಕೆ ಹೇಳ್ಲಿ?” ಎಂದ ಗೇಟು ಮಾವ, ಎದುರಿಗೆ ಬಂದ ಫಲಕದ ಪಂಡಿತರಿಗೆ ಅಷ್ಟನ್ನೂ ಹೇಳಿ ಮುಗಿಸಿದ.

ಪಂಡಿತರು ಸಂಗ್ರಹಾಲಯದ ಫಲಕಗಳನ್ನೆಲ್ಲ ಬರೆಯುವವರು. ಜಗತ್ತಿನಲ್ಲಿ ಫಲಕದಿಂದ ಸರಿಹೋಗದ ತೊಂದರೆಯೇ ಇಲ್ಲವೆಂದು ನಂಬಿದವರು. ಬಂದು, ಕನ್ನಡಕ ಏರಿಸಿ, ತಂತಿಯನ್ನು ನೋಡಿ, “ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರೆ. ಇಲ್ಲಿ ಉಲ್ಟಾ ಆಗಿದೆಯಲ್ಲಯ್ಯಾ” ಎಂದರು.

“ಪಂಡಿತರೇ, ನನ್ನ ವರ್ಗ ಇದರ ಮೇಲೆ ನಿಂತಿದೆ. ಏನಾದ್ರೂ ದಾರಿ ಹೇಳಿ.”

“ಉಗ್ರಾಣದಲ್ಲಿ ಹುಲ್ಲು ತುಂಬಿದ ನೀರುನಾಯಿ ಇದೆ. ತಂದಿಡು. ‘ಕಾಡುಬೆಕ್ಕು, ನೆನೆದ ಸ್ಥಿತಿಯಲ್ಲಿ’ ಅಂತ ಬರ್ಕೊಡ್ತೀನಿ.”

“ಮೂಳೆ ನೋಡಿಯೇ ಪ್ರಾಣಿ ಯಾವುದು ಅಂತ ಹೇಳೋರು ಬರ್ತಿದಾರೆ! ಅವರ ಮುಂದೆ ನೀರುನಾಯಿನಾ?”

“ಹಾಗಾದ್ರೆ ಮೊದ್ಲು ಇಲಿ ಓಡಿಸೋಣ” ಎಂದ ಗೇಟು ಮಾವ. ಎಲ್ಲಿಂದಲೋ ಉದ್ದನೆಯ ಪೊರಕೆ ತಂದು ಬೊಂಬೆರಾಯನ ಕೈಗಿತ್ತು, ತಾನು ಕಣಜದ ಹಿಂದೆ ನಿಂತು ತಟ್ಟತೊಡಗಿದ. “ಬಂತು! ಎಡಕ್ಕೆ! ಅಲ್ಲ, ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕೆ!” ಇಲಿ ಇಬ್ಬರ ಎಡವನ್ನೂ ಬಿಟ್ಟು ನೇರವಾಗಿ ಬೊಂಬೆರಾಯನ ಕಾಲ ಸಂದಿಯಲ್ಲಿ ನುಗ್ಗಿತು. ಅವನು ಹಾರಿದ. ಇಳಿಯುವಾಗ ಕಾಲ ಕೆಳಗೆ ಗೋಧಿ ಉರುಳಿತು. ದಢಾರನೆ ಬಿದ್ದವನು ಮಣ್ಣಿನ ರೈತನ ಮಡಿಲಿಗೇ ಬಿದ್ದ. ರೈತನ ತಲೆ ಒಂದು ಕಡೆ, ಕೈ ಒಂದು ಕಡೆ, ಉಳಿದದ್ದೆಲ್ಲ ಹೆಂಟೆ.

“ಬಟ್ಟಲು ಮಾತ್ರ ಗಟ್ಟಿ ಇದೆ” ಎಂದ ಗೇಟು ಮಾವ, ಸಮಾಧಾನಕ್ಕೆ.

ಆ ಹೊತ್ತಿಗೆ ಮೇಡಂ ಬಂದರು. ಬೆಕ್ಕಿಲ್ಲ, ರೈತನಿಲ್ಲ, ಗೋಧಿಯ ಮೇಲೆ ಅಂಗಾತ ಬಿದ್ದ ಬೊಂಬೆರಾಯ. ಇನ್ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದರು. ಮೇಡಂ ಬೊಂಬೆರಾಯನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ಅಳೆದರು. ಆ ನೋಟ ಅವನಿಗೆ ಕೂಗಾಟಕ್ಕಿಂತ ಭಯಂಕರವಾಗಿ ಕಂಡಿತು.

“ರೈತನ ಅಳತೆ ನಿಮ್ಮ ಅಳತೆಯೇ ಅಲ್ವಾ?”

“ಕನ್ನಡಿ ಇಟ್ಕೊಂಡು ಮಾಡಿದ್ದು ಮೇಡಂ...”

“ಮತ್ತಿನ್ನೇನು? ನೀವೇ ಕೂತ್ಕೊಳ್ಳಿ. ಅಲುಗಾಡದೆ ಅರ್ಧ ಗಂಟೆ ಕೂತ್ರೆ ಮುಗೀತು. ಮೈಗೆ ಮಣ್ಣು ಹಚ್ಕೊಳ್ಳಿ. ಇದಕ್ಕಿಂತ ನೈಜತೆ ಎಲ್ಲಿ ಸಿಗುತ್ತೆ?”

“ಬೆಕ್ಕು, ಮೇಡಂ?”

ಪಂಡಿತರು ಕೈಯೆತ್ತಿದರು. “ಅದಕ್ಕೆ ನಾನಿದೀನಿ. ‘ಬೆಕ್ಕು ಬರುವ ಮುನ್ನಾ ಕ್ಷಣ’ ಅಂತ ಫಲಕ ಬದಲಾಯಿಸ್ತೀನಿ. ಕಲೆ ಅಂದ್ರೆ ಸೂಚ್ಯವಾಗಿರಬೇಕಯ್ಯಾ.”

ಹೀಗೆ ಮಧ್ಯಾಹ್ನ ಕಳೆಯುವಷ್ಟರಲ್ಲಿ ಬೊಂಬೆರಾಯ ಒರಟು ಕಂಬಳಿ ಉಟ್ಟು, ಮೈಗೆಲ್ಲ ಮಣ್ಣು ಮೆತ್ತಿಕೊಂಡು, ಒಡೆಯದೆ ಉಳಿದ ಬಟ್ಟಲು ಹಿಡಿದು ಚಕ್ಕಳಮಕ್ಕಳ ಹಾಕಿದ. ನಿಜವಾದ ಹಾಲು ಒಡೆಯುತ್ತದೆಂದು ಬಟ್ಟಲಿನಲ್ಲಿ ಇದ್ದದ್ದು ಬಿಳಿ ಬಣ್ಣ ಕಲಸಿ ಮಾಡಿದ ಸುಳ್ಳು ಹಾಲು. ಮೊಣಕಾಲು ಆಗಲೇ ನೋಯುತ್ತಿತ್ತು. ಖಾಲಿ ಕುರ್ಚಿಯನ್ನು ನೆನೆಸಿಕೊಂಡು ಹಲ್ಲು ಕಚ್ಚಿ ಕೂತ.

ಮೂಳೆ ಅಜ್ಜಿ ಬಂದರು. ಸಣ್ಣ ದೇಹ, ಕೈಯಲ್ಲಿ ಕೋಲು, ಎಲ್ಲವನ್ನೂ ಹತ್ತಿರ ಹೋಗಿ ನೋಡುವ ಕಣ್ಣು. ಹಿಂದೆ ಮೇಡಂ, ಪಂಡಿತರು, ಗೇಟು ಬಿಟ್ಟ ಗೇಟು ಮಾವ, ಮತ್ತೆ ಊರಿನ ಒಂದಷ್ಟು ಜನ. ಅಜ್ಜಿ ಬಗ್ಗಿ ಒಂದು ಕಾಳು ಆರಿಸಿ ಹಲ್ಲಲ್ಲಿ ಕಡಿದರು. “ನಿಜವಾದ ಗೋಧಿ!” ಎಂದರು. ಮೇಡಂ ಬೊಂಬೆರಾಯನ ಕಡೆ ಗೆಲುವಿನ ನೋಟ ಬೀರಿದರು.

“ರೈತ ಅದ್ಭುತವಾಗಿದಾನೆ. ಮುಖದಲ್ಲಿ ಆ ಕಷ್ಟ ಎಷ್ಟು ಚೆನ್ನಾಗಿ ಬಂದಿದೆ! ಇದನ್ನ ಮಾಡಿದೋರು ಎಲ್ಲಿ?”

“ಇಲ್ಲೇ ಎಲ್ಲೋ ಇದಾರೆ” ಎಂದರು ಮೇಡಂ.

ಅಷ್ಟರಲ್ಲಿ ಇಲಿಗೆ ಪುರುಸೊತ್ತಾಯಿತು. ಕಣಜದಿಂದ ಇಳಿದು, ಬೊಂಬೆರಾಯನ ಮೊಣಕಾಲು ಹತ್ತಿ, ಬಟ್ಟಲಿನ ಅಂಚಿನ ಮೇಲೆ ನಿಂತು ಸಭೆಯನ್ನು ನೋಡಿತು. ಜನ ಹೌಹಾರಿದರು. ಮೇಡಂ ಮುಖ ಸುಣ್ಣವಾಯಿತು. ಬೊಂಬೆರಾಯ ಉಸಿರು ಬಿಗಿಹಿಡಿದ. ಕಣ್ಣಿನ ಮುಂದಿದ್ದ ಕುರ್ಚಿ ನಿಧಾನವಾಗಿ ಮಸುಕಾಗತೊಡಗಿತು.

ಆಗ ಬಂತು ಅದು.

ಹಿಂದಿನ ಕಿಟಕಿಯಿಂದ, ಸದ್ದೇ ಇಲ್ಲದೆ, ಅದೇ ಪಟ್ಟೆಪಟ್ಟೆ ಬೆಕ್ಕು. ಯಾರೂ ಕರೆದಿರಲಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಅದರ ಹೆಸರಿರಲಿಲ್ಲ. ಆದರೂ ಇಷ್ಟು ಜನ ಸೇರಿದ್ದು ತನ್ನನ್ನು ನೋಡಲೆಂದೇ ಅನ್ನುವ ಹಾಗೆ ನಡೆದುಬಂತು. ಆ ನಡಿಗೆಯನ್ನು ನೋಡಬೇಕಿತ್ತು! ಒಂದು ಪಾದ ಇಟ್ಟ ಜಾಗದಲ್ಲೇ ಇನ್ನೊಂದು ಪಾದ, ಹರಡಿದ ಗೋಧಿಯ ಒಂದು ಕಾಳೂ ಕದಲಲಿಲ್ಲ. ಅದೇ ಕಾಳಿನ ಮೇಲೆ ಬೆಳಿಗ್ಗೆ ಬೊಂಬೆರಾಯ ಹೇಗೆ ಬಿದ್ದಿದ್ದನೆಂದು ನೆನೆದರೆ ಸಾಕು, ಮನುಷ್ಯಜಾತಿಯ ಬಗ್ಗೆ ಅಹಂಕಾರ ಪಡುವುದಕ್ಕೆ ಏನೂ ಉಳಿಯುವುದಿಲ್ಲ. ಬೆಕ್ಕು ಮೈ ಕುಗ್ಗಿಸಿತು. ಬಾಲದ ತುದಿ ಮಾತ್ರ ಒಮ್ಮೆ ಅಲುಗಿತು. ಮುಂದಿನದು ಯಾರ ಕಣ್ಣಿಗೂ ಬೀಳಲಿಲ್ಲ. ಬಟ್ಟಲಿನ ಅಂಚಿನ ಮೇಲಿದ್ದ ಇಲಿ ಬೆಕ್ಕಿನ ಬಾಯಲ್ಲಿತ್ತು.

“ಉಷ್!” ಎಂದು ಗೇಟು ಮಾವ ಕೋಲೆತ್ತಿದ. ಅಜ್ಜಿ ತಮ್ಮ ಕೋಲಿನಿಂದ ಅವನ ಕೋಲನ್ನು ಕೆಳಗಿಳಿಸಿದರು. “ಸುಮ್ನಿರಿ. ಯಾರೂ ಮಿಸುಕಬೇಡಿ.”

ಬೆಕ್ಕು ಊಟ ಮುಗಿಸಿ, ಮುಖ ತೊಳೆದು, ಬಟ್ಟಲಿನ ಬಣ್ಣದ ಹಾಲನ್ನು ಮೂಸಿ, ಅದನ್ನು ಮಾಡಿದವನ ಮುಖವನ್ನು ತಿರಸ್ಕಾರದಿಂದ ನೋಡಿತು. ಆಮೇಲೆ ಅವನ ಮಡಿಲನ್ನು ಮುಂಗಾಲಿನಿಂದ ಒತ್ತಿ ಒತ್ತಿ ಪರೀಕ್ಷಿಸಿ, ಎರಡು ಸುತ್ತು ತಿರುಗಿ, ಮುದುಡಿ ಮಲಗಿತು. ಭಾರವಾಗಿತ್ತು. ಬೆಚ್ಚಗಿತ್ತು. ಗುರ್ರ್ ಅನ್ನುವ ಸದ್ದು ಬೊಂಬೆರಾಯನ ಹೊಟ್ಟೆಯೊಳಗಿನಿಂದಲೇ ಬರುತ್ತಿದೆಯೇನೋ ಅನ್ನಿಸಿತು. ಮೂಗಿನ ತುದಿಯಲ್ಲಿ ಆಗಲೇ ಕಚಗುಳಿ ಶುರುವಾಗಿತ್ತು.

ತಡೆದ. ತಡೆದ. ಆಗಲಿಲ್ಲ.

“ಆ...ಕ್ಷೀ!”

ಹತ್ತು ಸಾವಿರ ವರ್ಷದ ಹಿಂದಿನ ರೈತ ಸೀನಿದ್ದಕ್ಕೆ ಜನ ಚೀರಿದರು. ಪಂಡಿತರು ಗೇಟು ಮಾವನನ್ನು ಅಪ್ಪಿಕೊಂಡರು. ಬೆಕ್ಕು ಮಾತ್ರ ಒಂದು ಕಣ್ಣು ತೆರೆದು, ‘ಇಷ್ಟೇನಾ?’ ಅಂದುಕೊಂಡು, ಮತ್ತೆ ಮುಚ್ಚಿತು.

ಎಲ್ಲ ಮುಗಿಯಿತೆಂದು ಬೊಂಬೆರಾಯ ಏಳಹೋದ. “ಏಳಬೇಡಿ!” ಎಂದು ಗದರಿದವರು ಮೂಳೆ ಅಜ್ಜಿ. ನಗುತ್ತ ನಗುತ್ತ ಹಗ್ಗ ದಾಟಿ ಬಂದು, ಗೋಧಿಯ ಪಕ್ಕದಲ್ಲೇ ನೆಲದ ಮೇಲೆ ಕೂತರು. ಕಣ್ಣಲ್ಲಿ ನೀರೇ ಬಂದಿತ್ತು.

“ನನ್ನ ಜನ್ಮ ಎಲ್ಲಾ ಇದನ್ನ ಮೂಳೆಯಲ್ಲಿ ಓದಿದೆ. ಕಣ್ಣಾರೆ ಇವತ್ತು ನೋಡಿದೆ” ಎಂದರು. “ಕೇಳಿ. ನಾಯಿನ ಮನುಷ್ಯ ಕೆಲಸ ಕಲಿಸಿ ಪಳಗಿಸಿದ. ದನಾನ ಕಟ್ಟಿ ಪಳಗಿಸಿದ. ಬೆಕ್ಕನ್ನ ಯಾರೂ ಕಟ್ಟಲಿಲ್ಲ, ಯಾರೂ ಕಲಿಸಲಿಲ್ಲ. ಮನುಷ್ಯ ಅಲೆದಾಡೋದು ಬಿಟ್ಟು ಕಾಳು ಬೆಳೆದು ಕೂಡಿಟ್ಟ. ಕಾಳಿಗೆ ಇಲಿ ಬಂತು. ಇಲಿ ಹಿಂದೆ ಬೆಕ್ಕು ಬಂತು. ಬಂದು ನೋಡ್ತು, ಜಾಗ ಪರವಾಗಿಲ್ಲ ಅನ್ನಿಸ್ತು, ಉಳ್ಕೊಂಡ್ತು. ಅಷ್ಟೇ ಕಥೆ.”

“ಹಾಗಾದ್ರೆ ಪಳಗಿಸಿದ್ದು?” ಎಂದರು ಪಂಡಿತರು, ತಮ್ಮ ಹಳೆಯ ಫಲಕ ನೆನೆದು.

“ಯಾರು ಯಾರನ್ನ, ನೀವೇ ನೋಡಿ ಹೇಳಿ. ಎಷ್ಟೋ ಸಾವಿರ ವರ್ಷ ನಮ್ಮ ಮನೇಲಿದ್ರೂ ಅದರ ಮೂಳೇನ ಕಾಡುಬೆಕ್ಕಿನ ಮೂಳೆಯಿಂದ ಬೇರೆ ಮಾಡೋಕೆ ಇವತ್ತಿಗೂ ನಾವು ಒದ್ದಾಡ್ತೀವಿ. ಅದೇನೂ ಬದಲಾಗಲಿಲ್ಲ. ಬದಲಾಗಿದ್ದು ನಾವು. ಒಂದು ದ್ವೀಪದಲ್ಲಿ ಹಳೇ ಸಮಾಧಿ ಸಿಕ್ಕಿದೆ, ಮನುಷ್ಯನ ಪಕ್ಕದಲ್ಲೇ ಬೆಕ್ಕು. ಆ ದ್ವೀಪದಲ್ಲಿ ಬೆಕ್ಕಿನ ಸಂತತಿಯೇ ಇರಲಿಲ್ಲ. ಅಂದ್ರೆ ಯಾರೋ ಸಮುದ್ರ ದಾಟಿಸಿದಾರೆ. ಬಿತ್ತನೆ ಕಾಳು, ಕುರಿ, ಮಕ್ಕಳು ಎಲ್ಲಾ ತುಂಬ್ಕೊಂಡ ಆ ಪುಟ್ಟ ದೋಣೀಲಿ ಇದಕ್ಕೂ ಒಂದು ಜಾಗ ಬಿಟ್ಟಿದಾರೆ. ಯೋಚನೆ ಮಾಡಿ, ಎಂಥಾ ಪ್ರಾಣಿ!”

ಬೊಂಬೆರಾಯ ಕೆಳಗೆ ನೋಡಿದ. ಪಟ್ಟೆಗಳು ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತಿದ್ದವು. ತಾನು ಎಷ್ಟು ಕಷ್ಟಪಟ್ಟರೂ ಉಣ್ಣೆಯಲ್ಲಿ ಬಾರದ ಬಣ್ಣ ಅದು. ಇಷ್ಟು ದಿನ ಪೊರಕೆಯಲ್ಲಿ ಅಟ್ಟಿದ್ದು ಇದನ್ನೇನಾ ಎಂದು ಅವನಿಗೆ ನಾಚಿಕೆಯಾಯಿತು. ಬೆರಳಿನಿಂದ ಅದರ ನೆತ್ತಿ ಸವರಿದ. ಮತ್ತೆ ಸೀನಿದ. “ಇದನ್ನೆಲ್ಲ ಮಾಡಿದೋರೂ ಇವರೇ” ಎಂದು ಮೇಡಂ ಕೊನೆಗೂ ಒಪ್ಪಿಕೊಂಡರು.

“ಈ ಮನುಷ್ಯ ನನಗೆ ಬೇಕು” ಎಂದರು ಅಜ್ಜಿ. “ಮನುಷ್ಯ, ಕಣಜ, ಬೆಕ್ಕು, ಮೂರೂ ಒಟ್ಟಿಗೆ. ನನ್ನ ಗಾಡಿ ಹೊರಗಿದೆ. ಇವತ್ತೇ ಕಳಿಸಿಕೊಡಿ.”

ಮೇಡಂ ಅಲ್ಲೇ ನಿಂತು ವರ್ಗದ ಆದೇಶಕ್ಕೆ ರುಜು ಹಾಕಿದರು. ಬೊಂಬೆರಾಯನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮಣ್ಣು ಮೆತ್ತಿದ ಕೆನ್ನೆಯ ಮೇಲೆ ಎರಡು ಕಾಲುವೆ ಹರಿದವು. ಗೇಟು ಮಾವ ಓಡಿಹೋಗಿ ಮುಚ್ಚಳವಿರುವ ಒಂದು ಬುಟ್ಟಿ ತಂದ.

ಬುಟ್ಟಿ ಕಂಡದ್ದೇ ಬೆಕ್ಕು ಎದ್ದಿತು. ಮೈ ಮುರಿದು, ಬೊಂಬೆರಾಯನ ಮಡಿಲಿಂದ ಇಳಿದು, ಕಣಜದ ಬುಡದ ಬಾಯೊಳಗೆ ನುಸುಳಿ ಮಾಯವಾಯಿತು. ಪಂಡಿತರು ಕರೆದರು, ಬರಲಿಲ್ಲ. ಗೇಟು ಮಾವ ಇಲಿಯ ಹಾಗೆ ಕಿಚಕಿಚ ಅಂದು ನೋಡಿದ, ಬರಲಿಲ್ಲ. ಎಲ್ಲರೂ ಕಾದರು. ಅಜ್ಜಿಗೆ ಚಹಾ ಬಂತು, ಖಾಲಿಯೂ ಆಯಿತು. ಕೊನೆಗೆ ಒಳಗಿಂದ ಒಂದು ದನಿ ಬಂತು, ಬಹಳ ತೆಳ್ಳಗೆ. ಆಮೇಲೆ ಇನ್ನೊಂದು.

ಅಜ್ಜಿ ಟಾರ್ಚು ಹಾಕಿ ಇಣುಕಿದರು. ಮುಖ ಹೊರತೆಗೆದಾಗ ಅದು ಅರಳಿತ್ತು. “ಮರಿ ಹಾಕ್ತಾ ಇದೆ! ಗೋಧಿ ಮೇಲೆ!”

“ಬುಟ್ಟಿಗೆ ಎತ್ತಿ ಹಾಕ್ಲಾ?” ಎಂದ ಗೇಟು ಮಾವ.

“ಕೈ ಹಾಕಿದ್ರೆ ಕೈ ಇರಲ್ಲ. ಕಣಜ ಒಂದಿಂಚೂ ಅಲುಗಬಾರದು. ಬೆಕ್ಕು ಇಲ್ಲೇ ಇರ್ಲಿ. ಬೆಕ್ಕಿಲ್ಲದ ಮೇಲೆ ಕಣಜ ಯಾಕೆ? ಕಣಜ ಇಲ್ಲದ ಮೇಲೆ...” ಅಜ್ಜಿ ಬೊಂಬೆರಾಯನನ್ನು ಕನಿಕರದಿಂದ ನೋಡಿದರು.

ಬೊಂಬೆರಾಯ ಬಟ್ಟಲು ಕೆಳಗಿಟ್ಟ. “ಅಮ್ಮಾ, ನಾನು ಮರಿ ಹಾಕಿಲ್ಲವಲ್ಲ. ನಾನು ಬರಬಹುದಲ್ಲ!”

“ಬೆಕ್ಕು ಮರಿ ಹಾಕಿ ಏಳು ಮನೆ ತಿರುಗಿಸುತ್ತಂತೆ” ಎಂದರು ಪಂಡಿತರು, ಯಾರೂ ಕೇಳದಿದ್ದರೂ.

“ಹಾಗಾದ್ರೆ ಏಳನೇ ಮನೆ ನನ್ನ ಹೆಂಡ್ತಿ ಮನೆ ಆಗ್ಲಿ!” ಎಂದ ಬೊಂಬೆರಾಯ, ಎದ್ದು ನಿಲ್ಲಲು ಕೈಯೂರಿದ.

ಅಷ್ಟರಲ್ಲಿ ಬೆಕ್ಕು ಹೊರಬಂತು. ಬಾಯಲ್ಲಿ ಒಂದು ಮರಿ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಮುಚ್ಚಿದ ಕಣ್ಣು, ಇನ್ನೂ ಒದ್ದೆ. ಸುತ್ತ ನಿಂತ ವಿದ್ವಾಂಸರನ್ನೂ ಅಧಿಕಾರಿಗಳನ್ನೂ ದಾಟಿ ಬಂದು, ಆ ಮರಿಯನ್ನು ಬೊಂಬೆರಾಯನ ಮಡಿಲಲ್ಲಿ ಇಟ್ಟಿತು. ವಾಪಸು ಹೋಗಿ ಇನ್ನೊಂದನ್ನು ತಂದಿತು. ಮತ್ತೊಂದನ್ನು. ಎಲ್ಲ ಮುಗಿದ ಮೇಲೆ ತಾನೂ ಹತ್ತಿ ಮಲಗಿತು.

“ಒಂದನೇ ಮನೆ” ಎಂದ ಗೇಟು ಮಾವ, ಪಿಸುದನಿಯಲ್ಲಿ.

ಬೊಂಬೆರಾಯ ಅರ್ಧ ಎದ್ದ ಮೊಣಕಾಲನ್ನು ಹಾಗೇ ನಿಧಾನವಾಗಿ ಮಡಚಿ ಕೂತ. ಎದ್ದು ಹೋಗೆಂದು ಯಾರಾದರೂ ಈಗ ಹೇಳಿದ್ದರೂ ಅವನಿಂದ ಆಗುತ್ತಿರಲಿಲ್ಲ, ಅದು ಅವನಿಗೂ ಗೊತ್ತಾಯಿತು. ಮೇಡಂ ಆದೇಶವನ್ನು ವಾಪಸು ತೆಗೆದುಕೊಂಡು, ರುಜುವಿನ ಮೇಲೆ ‘ಬೆಕ್ಕಿನ ಒಪ್ಪಿಗೆಗೆ ಒಳಪಟ್ಟು’ ಎಂದು ಸೇರಿಸಿದರು. ಅಜ್ಜಿ ಪಂಡಿತರ ಕುಂಚ ಇಸಿದುಕೊಂಡು ಹೊಸ ಫಲಕ ಬರೆದರು: ‘ಬೆಕ್ಕು: ತಾನಾಗಿ ಬಂದದ್ದು. ಮನುಷ್ಯ: ಪಳಗಿದ್ದಾನೆ.’ ಅದನ್ನು ಅವನ ಕಾಲ ಬಳಿ ಒರಗಿಸಿ, “ಬೆಕ್ಕು ಬಿಟ್ಟುಕೊಟ್ಟ ದಿನ ಬನ್ನಿ, ಜಾಗ ಇಟ್ಟಿರ್ತೀನಿ” ಎಂದು ಹೇಳಿ ಖಾಲಿ ಗಾಡಿ ಹತ್ತಿದರು.

ಜನ ಕರಗಿದ ಮೇಲೆ ಗೇಟು ಮಾವ ಫೋನನ್ನು ತಂದು ಬೊಂಬೆರಾಯನ ಕಿವಿಗೆ ಹಿಡಿದ. ಕೈ ಬಿಡುವಿರಲಿಲ್ಲ, ಎರಡು ಕೈಯಲ್ಲೂ ಮರಿಗಳಿದ್ದವು.

“ಏನಾಯ್ತು ರೀ?” ಎಂದಳು ಹೆಂಡತಿ.

ಅವನು ಎಲ್ಲ ಹೇಳಿದ. ಗೋಧಿ, ಇಲಿ, ಅಜ್ಜಿ, ರುಜು, ಮರಿ. “ಇನ್ನೂ ಆರು ಮನೆ ಬಾಕಿ ಇದೆ” ಎಂದು ಮುಗಿಸಿ, ಬೈಗುಳಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿದ.

“ಪರವಾಗಿಲ್ಲ, ನಿಧಾನಕ್ಕೇ ಬನ್ನಿ” ಎಂದಳು.

ಬೈದಿದ್ದರೆ ಅವನಿಗೆ ಇಷ್ಟು ದಿಗಿಲಾಗುತ್ತಿರಲಿಲ್ಲ. “ನಿನಗೆ ಬೇಜಾರಿಲ್ವಾ?”

“ಬೇಜಾರಿಲ್ದೆ ಇರುತ್ತಾ? ಆದ್ರೆ... ಆ ಹೊಸ ಕುರ್ಚಿ ಇದೆಯಲ್ಲ...”

“ಯಾಕೆ, ಮುರೀತಾ?”

“ಇಲ್ಲ. ಬೆಳಿಗ್ಗೆ ಕಿಟಕಿ ಹಾಕೋದು ಮರೆತು ಶಾಲೆಗೆ ಹೋಗಿದ್ದೆ. ಬಂದು ನೋಡ್ತೀನಿ, ಕರೀದೊಂದು ಬೆಕ್ಕು, ನಿಮ್ಮ ದಿಂಬಿನ ಮೇಲೆ ಮಲಗಿದೆ. ಎಲ್ಲಿಂದ ಬಂತೋ. ಎಬ್ಬಿಸೋಕೆ ಮನಸ್ಸೇ ಬರ್ತಿಲ್ಲ ರೀ. ಎಷ್ಟು ಚೆನ್ನಾಗಿ ಮಲಗಿದೆ ಅಂದ್ರೆ...”

ಬೊಂಬೆರಾಯ ಏನೋ ಹೇಳಬೇಕೆಂದು ಬಾಯಿ ತೆರೆದ. ಬಂದದ್ದು ಸೀನು, ಇಡೀ ಸಭಾಂಗಣ ಗುಂಯ್‌ಗುಟ್ಟಿತು.

“ಮೆಲ್ಲಗೆ ರೀ!” ಎಂದಳು ಹೆಂಡತಿ. “ಎಚ್ಚರ ಆಗುತ್ತೆ.”